ಪಣಂಬೂರಿನ ಬಿಳಿ ಹಡಗುಗಳು: ಕರ್ನಾಟಕದ ಕಡಲಲ್ಲಿ ಕೋಸ್ಟ್ ಗಾರ್ಡ್ ನಡೆದ ಹಾದಿ

ಮಂಗಳೂರಿನಿಂದ ಉಡುಪಿ ಕಡೆಗೆ ಹೊರಟವರಿಗೆ ಕೂಳೂರು ಸೇತುವೆ ದಾಟಿದ ಮೇಲೆ ಪಣಂಬೂರು ಸಿಗುತ್ತದೆ. ಗೊಬ್ಬರದ ಕಾರ್ಖಾನೆ, ಕುದುರೆಮುಖ ಕಂಪನಿಯ ಘಟಕ, ಬಂದರಿನ ಉದ್ದನೆಯ ಗೋಡೆ, ಲಾರಿಗಳ ಸಾಲು, ಇವುಗಳ ನಡುವೆ ಕೋಸ್ಟ್ ಗಾರ್ಡಿನ ಜಿಲ್ಲಾ ಪ್ರಧಾನ ಕಚೇರಿ ಇದೆ ಎಂಬುದು ಹಾದಿಹೋಕರ ಗಮನಕ್ಕೆ ಬರುವುದೇ ಕಡಿಮೆ. ಬಂದರಿನ ಒಳಗೆ, ಕಪ್ಪು ಕೆಂಪು ಮೈಯ ಸರಕು ಹಡಗುಗಳ ಮಗ್ಗುಲಲ್ಲಿ ಮೈಗೆ ಓರೆಪಟ್ಟಿ ಬಳಿದುಕೊಂಡು ನಿಂತ ಬಿಳಿ ಹಡಗುಗಳು ಅದರವು. ತಲಪಾಡಿಯಿಂದ ಕಾರವಾರದಾಚೆಯ ಗೋವಾ ಗಡಿಯವರೆಗಿನ ಸುಮಾರು 320 ಕಿಲೋಮೀಟರು ಕರಾವಳಿಯ ಆಚೆ ಏನೇ ಆದರೂ ಮೊದಲ ಕರೆ ಬರುವುದು ಇಲ್ಲಿಗೆ.

1977ರ ಫೆಬ್ರುವರಿ 1ರಂದು ಹುಟ್ಟಿದ ಭಾರತೀಯ ಕೋಸ್ಟ್ ಗಾರ್ಡ್ 2027ಕ್ಕೆ ಐವತ್ತು ತುಂಬಿಸಿಕೊಳ್ಳುತ್ತದೆ. ಆ ಸುವರ್ಣ ವರ್ಷದ ಹೊಸ್ತಿಲಲ್ಲಿ ಪಣಂಬೂರಿನ ಕಚೇರಿಯ ಕಥೆಯನ್ನು ಕನ್ನಡದಲ್ಲಿ ಬರೆದಿಡುವುದು ಅಗತ್ಯ ಎನಿಸುತ್ತದೆ. ಕಳ್ಳಸಾಗಣೆ ತಡೆಯಲೆಂದು ಹುಟ್ಟಿದ ಪಡೆಯೊಂದು ಕರ್ನಾಟಕದ ಕರಾವಳಿಯಲ್ಲಿ ಬೆಳೆಯುತ್ತ ಬೆಳೆಯುತ್ತ ಮುಖ್ಯವಾಗಿ ಜೀವ ಉಳಿಸುವ ಪಡೆಯಾಯಿತು. ಆ ಬದಲಾವಣೆಯನ್ನು ತಂದವು ದಿಲ್ಲಿಯ ಆದೇಶಗಳಿಗಿಂತ ಹೆಚ್ಚಾಗಿ ನಮ್ಮ ಕಡಲಿನಲ್ಲೇ ನಡೆದ ಅವಘಡಗಳು.

1962–1975: ಬಂದರು ಬಂತು, ಕಾವಲು ಬಂದಿರಲಿಲ್ಲ

ಹಳೆಯ ಮಂಗಳೂರು ಬಂದರು ನೇತ್ರಾವತಿ ಮತ್ತು ಗುರುಪುರ ನದಿಗಳು ಕಡಲು ಸೇರುವಲ್ಲಿರುವ ಬಂದರು. ಅಳಿವೆಯಲ್ಲಿ ಹೂಳು ತುಂಬುತ್ತದೆ. ದೊಡ್ಡ ಹಡಗು ಹೊರಗೇ ಲಂಗರು ಹಾಕಬೇಕು, ಸರಕನ್ನು ದೋಣಿಗಳಲ್ಲಿ ದಡಕ್ಕೆ ತರಬೇಕು. ಮಳೆಗಾಲ ಶುರುವಾಯಿತೆಂದರೆ ಆ ಕೆಲಸವೂ ನಿಂತಿತು. ಮಂಜಿ ಎಂಬ ಮರದ ಸರಕು ದೋಣಿಗಳು ಅಕ್ಕಿ, ಹೆಂಚು, ಕಟ್ಟಿಗೆ ಹೊತ್ತು ಲಕ್ಷದ್ವೀಪಕ್ಕೆ ಹೋಗಿ ಬರುತ್ತಿದ್ದವು. ಅವುಗಳಲ್ಲಿ ಒಂದು ತೂಫಾನಿಗೆ ಸಿಕ್ಕಿದರೆ ಹುಡುಕಿಕೊಂಡು ಹೋಗುವವರು ಅದೇ ದಕ್ಕೆಯ (ದೋಣಿಗಟ್ಟೆಯ) ಇನ್ನೊಂದು ಮಂಜಿಯವರೇ.

ಸಂಸದರಾಗಿದ್ದ ಉಳ್ಳಾಲ ಶ್ರೀನಿವಾಸ ಮಲ್ಯರು ಹಟ ಹಿಡಿದು ಪಣಂಬೂರಿಗೆ ಸರ್ವಋತು ಬಂದರು ತರಿಸಿದರು. 1962ರಲ್ಲಿ ಕೆಲಸ ಶುರುವಾಯಿತು. ಮುಗಿದದ್ದನ್ನು ನೋಡುವ ಭಾಗ್ಯ ಮಲ್ಯರಿಗಿರಲಿಲ್ಲ, 1965ರಲ್ಲೇ ಅವರು ತೀರಿಕೊಂಡರು. ಇದು ನದಿಯ ಬಾಯಲ್ಲಿ ಕಟ್ಟಿದ ಬಂದರಲ್ಲ. ದಡದ ನೆಲವನ್ನೇ ಬಗೆದು, ಕೊಳದಂತೆ ತೋಡಿ, ಎರಡು ಕಡೆ 770 ಮೀಟರು ಉದ್ದದ ಕಲ್ಲಿನ ತಡೆಗೋಡೆಗಳನ್ನು ಕಡಲಿಗೆ ಚಾಚಿ ಮಾಡಿದ್ದು. 1974ರ ಮೇ 4ರಂದು ದೇಶದ ಒಂಬತ್ತನೆಯ ಪ್ರಮುಖ ಬಂದರು ಎಂಬ ಘೋಷಣೆಯಾಯಿತು. 1975ರ ಜನವರಿ 11ರಂದು ಪ್ರಧಾನಿ ಇಂದಿರಾ ಗಾಂಧಿ ಉದ್ಘಾಟಿಸಿದರು.

ಕೋಸ್ಟ್ ಗಾರ್ಡಿನ ಚರಿತ್ರೆಯಲ್ಲಿ ಬಂದರಿನ ಕಥೆ ಏಕೆ ಎಂದು ಕೇಳಬಹುದು. ವರ್ಷದ ಹನ್ನೆರಡು ತಿಂಗಳೂ ಹಡಗು ಬರುವ ತಾಣ ಸಿಕ್ಕಿದ ಮೇಲೆಯೇ ಮಳೆಗಾಲದಲ್ಲೂ ಕಡಲಿಗಿಳಿಯಬಲ್ಲ ಕಾವಲು ಹಡಗನ್ನು ಇಲ್ಲಿ ನಿಲ್ಲಿಸುವುದು ಸಾಧ್ಯವಾಯಿತು. ಜೂನ್‌ನಿಂದ ಸೆಪ್ಟೆಂಬರಿನ ತನಕ ಅಳಿವೆ ದಾಟಲಾಗದ ಹಡಗು ಇದ್ದರೂ ಇಲ್ಲದಂತೆಯೇ.

ಅದೇ ದಶಕದಲ್ಲಿ ಇನ್ನೆರಡು ಸಂಗತಿಗಳು ನಡೆದವು. ಕೊಲ್ಲಿ ಕಡೆಯಿಂದ ಚಿನ್ನ, ಕೈಗಡಿಯಾರ, ಪರದೇಶಿ ಬಟ್ಟೆ ತುಂಬಿಕೊಂಡ ದೋಣಿಗಳು ಪಶ್ಚಿಮ ಕರಾವಳಿಯ ಮರೆಯ ಕೊಲ್ಲಿಗಳಿಗೆ ಬರುವುದು ಹೆಚ್ಚಿತು. ಕಸ್ಟಮ್ಸ್ ಇಲಾಖೆಯ ಸಣ್ಣ ಬೋಟುಗಳಿಗೆ ಅವುಗಳನ್ನು ಅಟ್ಟಿಸಿಕೊಂಡು ಹೋಗುವ ಶಕ್ತಿ ಇರಲಿಲ್ಲ. ಯುದ್ಧಕ್ಕೆಂದು ಕಟ್ಟಿದ ನೌಕಾಪಡೆಯ ಹಡಗನ್ನು ಈ ಕೆಲಸಕ್ಕೆ ಕಳಿಸುವುದು ದುಬಾರಿಯ ಮಾತಾಗಿತ್ತು. ಇತ್ತ ಮಂಗಳೂರು, ಮಲ್ಪೆಯ ಮೀನುಗಾರಿಕೆಯ ಸ್ವರೂಪವೇ ಬದಲಾಗುತ್ತಿತ್ತು. ಊರೆಲ್ಲ ಸೇರಿ ದಡದಿಂದ ಎಳೆಯುವ ರಂಪಣಿ ಬಲೆಯ ಜಾಗಕ್ಕೆ ಟ್ರಾಲ್ ಬೋಟುಗಳು ಬಂದವು. ಎಪ್ಪತ್ತರ ದಶಕದ ನಡುವಿಗೆ ಮೀನಿನ ಹಿಂಡನ್ನು ಸುತ್ತುಬಲೆಯಿಂದ ಹಿಡಿಯುವ ಪರ್ಸೀನ್ ಬೋಟುಗಳೂ ಬಂದವು. ರಂಪಣಿಯವರಿಗೂ ಪರ್ಸೀನ್‌ನವರಿಗೂ ಆಗ ನಡೆದ ತಕರಾರು ಹಿರಿಯರಿಗೆ ಇನ್ನೂ ನೆನಪಿದೆ. ಕಾಲ ಕಳೆದಂತೆ ಎರಡೂ ಕಡೆಯ ಮಕ್ಕಳು ಒಂದೇ ಬೋಟಿನಲ್ಲಿ ದುಡಿಯತೊಡಗಿದರು. ನಮ್ಮ ಕಥೆಗೆ ಬೇಕಾದ ಮಾತು ಇಷ್ಟು: ದಡ ಕಾಣುವಷ್ಟು ದೂರದಲ್ಲಿ ಬಲೆ ಬೀಸುತ್ತಿದ್ದವರು ದಡ ಕಾಣದ ನೀರಿಗೆ ಹೋಗತೊಡಗಿದರು. ಅಲ್ಲಿ ಎಂಜಿನ್ ಕೆಟ್ಟರೆ ಕೂಗಿದ್ದು ಯಾರಿಗೂ ಕೇಳಿಸುವುದಿಲ್ಲ.

1975–1978: ಏಳು ಹಡಗುಗಳ ಪಡೆ

ಗಡಿ ಭದ್ರತಾ ಪಡೆಯನ್ನು ಕಟ್ಟಿದ ಕೆ.ಎಫ್. ರುಸ್ತುಂಜಿ ಅವರ ಅಧ್ಯಕ್ಷತೆಯಲ್ಲಿ ಕೇಂದ್ರ ಸರ್ಕಾರ 1974ರಲ್ಲಿ ಒಂದು ಸಮಿತಿ ನೇಮಿಸಿತು. 1975ರ ಜುಲೈನಲ್ಲಿ ಸಮಿತಿ ವರದಿ ಕೊಟ್ಟಿತು: ಕಡಲಿಗೆ ಪ್ರತ್ಯೇಕ ಪಡೆ ಬೇಕು, ಅದು ರಕ್ಷಣಾ ಇಲಾಖೆಯ ಅಡಿಯಲ್ಲಿರಬೇಕು, ನೌಕಾಪಡೆಯ ಮಾದರಿಯಲ್ಲಿ ನಡೆಯಬೇಕು. 1976ರಲ್ಲಿ ಕಡಲ ವಲಯಗಳ ಕಾಯ್ದೆ ಬಂತು. ದಡದಿಂದ 200 ನಾಟಿಕಲ್ ಮೈಲಿ, ಅಂದರೆ ಸುಮಾರು 370 ಕಿಲೋಮೀಟರು ದೂರದವರೆಗಿನ ಮೀನು, ಎಣ್ಣೆ, ಖನಿಜದ ಮೇಲೆ ದೇಶಕ್ಕೆ ಹಕ್ಕು ಸಿಕ್ಕಿತು. ಹೀಗೆ ಕಾಗದದ ಮೇಲೆ ಇಪ್ಪತ್ತು ಲಕ್ಷ ಚದರ ಕಿಲೋಮೀಟರು ನೀರು ನಮ್ಮದಾಯಿತು. ಅಷ್ಟನ್ನು ಕಾಯುವುದು ಹೇಗೆ?

ನೌಕಾಪಡೆ ತನ್ನ ಹಳೆಯ ಕುಠಾರ್, ಕಿರ್ಪಾಣ್ ಎಂಬ ಎರಡು ಯುದ್ಧನೌಕೆಗಳನ್ನೂ ಐದು ಗಸ್ತುಬೋಟುಗಳನ್ನೂ ಬಿಟ್ಟುಕೊಟ್ಟಿತು. ಈ ಏಳರಿಂದಲೇ 1977ರ ಫೆಬ್ರುವರಿಯಲ್ಲಿ ತಾತ್ಕಾಲಿಕ ಕೋಸ್ಟ್ ಗಾರ್ಡ್ ಶುರುವಾಯಿತು. ವೈಸ್ ಅಡ್ಮಿರಲ್ ವಿ.ಎ. ಕಾಮತ್ ಮೊದಲ ಮಹಾನಿರ್ದೇಶಕರು. ಸಂಸತ್ತು ಕಾಯ್ದೆ ಮಾಡಿದ ಮೇಲೆ 1978ರ ಆಗಸ್ಟ್ 19ರಂದು ಪ್ರಧಾನಿ ಮೊರಾರ್ಜಿ ದೇಸಾಯಿ ಅದನ್ನು ವಿಧಿವತ್ತಾಗಿ ಉದ್ಘಾಟಿಸಿದರು. ‘ವಯಂ ರಕ್ಷಾಮಃ’ ಎಂಬುದು ಧ್ಯೇಯವಾಕ್ಯ.

ಹೊಸ ಪಡೆಯ ಕೆಲಸದ ಎಲ್ಲೆ ಎಲ್ಲಿ, ಕಸ್ಟಮ್ಸ್‌ನದು ಎಲ್ಲಿ, ನೌಕಾಪಡೆಯದು ಎಲ್ಲಿ ಎಂಬ ಚರ್ಚೆ ಆರಂಭದ ವರ್ಷಗಳಲ್ಲಿ ಇದ್ದೇ ಇತ್ತು. ಒಂದೇ ಮನೆಯಲ್ಲಿ ಹೊಸದಾಗಿ ಬಂದವರಿಗೆ ಜಾಗ ಮಾಡಿಕೊಡುವಾಗ ಆಗುವ ಮಾತುಕತೆ ಅದು. ಕೆಲಸ ಮಾಡುತ್ತ ಮಾಡುತ್ತ ಗೆರೆಗಳು ಸ್ಪಷ್ಟವಾದವು. 1983ರ ಡಿಸೆಂಬರಿನಲ್ಲಿ ಮುಂಬೈಯ ಮಝಗಾಂವ್ ಡಾಕ್‌ನಲ್ಲಿ ಕಟ್ಟಿದ ‘ವಿಕ್ರಮ್’ ಸೇವೆಗೆ ಸೇರಿತು. ಕೋಸ್ಟ್ ಗಾರ್ಡಿಗೆಂದೇ ದೇಶದಲ್ಲಿ ಕಟ್ಟಿದ ಮೊದಲ ದೊಡ್ಡ ಗಸ್ತು ಹಡಗು ಇದು. ಈ ಹೆಸರನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಮುಂದೆ ಮತ್ತೆ ಬರುತ್ತದೆ.

ಮೂರನೆಯ ನಂಬರಿನ ಜಿಲ್ಲೆ

ಕೋಸ್ಟ್ ಗಾರ್ಡ್ ತನ್ನ ಕಡಲನ್ನು ವಲಯಗಳಾಗಿಯೂ, ವಲಯಗಳನ್ನು ಜಿಲ್ಲೆಗಳಾಗಿಯೂ ಹಂಚಿಕೊಂಡಿತು. ಈ ಜಿಲ್ಲೆ ನಮ್ಮ ಕಂದಾಯ ಜಿಲ್ಲೆಯಂಥದ್ದಲ್ಲ, ಹೆಚ್ಚುಕಡಿಮೆ ಒಂದು ರಾಜ್ಯದಷ್ಟು ಕರಾವಳಿ. ಪಶ್ಚಿಮ ತೀರದಲ್ಲಿ ಉತ್ತರದಿಂದ ಎಣಿಸುತ್ತ ಬಂದರೆ ಪೋರಬಂದರ್ ಒಂದು, ಮಹಾರಾಷ್ಟ್ರ ಎರಡು, ಕರ್ನಾಟಕ ಮೂರು, ಕೇರಳ ನಾಲ್ಕು. ಹೀಗೆ ನವ ಮಂಗಳೂರಿನ ಕಚೇರಿ ‘ಜಿಲ್ಲಾ ಪ್ರಧಾನ ಕಚೇರಿ ಸಂಖ್ಯೆ 3’ ಆಯಿತು. ಮೇಲಿನ ಕಚೇರಿ ಮುಂಬೈಯ ಪಶ್ಚಿಮ ವಲಯದ್ದು. ಕಾರವಾರದಲ್ಲಿ ಇದರ ಅಡಿಯ ಇನ್ನೊಂದು ಠಾಣೆ ಇದೆ.

ಪಣಂಬೂರಿನ ಕಚೇರಿಯ ಕೆಲಸಗಳಲ್ಲಿ ಹೊರಗಿನವರಿಗೆ ಗೊತ್ತಿಲ್ಲದ ಒಂದು ಮುಖ್ಯ ಕೆಲಸವಿದೆ. ಕಡಲಿನಲ್ಲಿ ಹುಡುಕಾಟ ಮತ್ತು ರಕ್ಷಣೆಯ ಜವಾಬ್ದಾರಿ ದೇಶದ ಮಟ್ಟದಲ್ಲಿ ಕೋಸ್ಟ್ ಗಾರ್ಡಿನದು. ಮುಂಬೈ, ಚೆನ್ನೈ, ಪೋರ್ಟ್ ಬ್ಲೇರ್‌ಗಳಲ್ಲಿ ಅದರ ಸಮನ್ವಯ ಕೇಂದ್ರಗಳಿವೆ; ಮುಂಬೈ ಕೇಂದ್ರದ ಅಡಿಯ ಉಪಕೇಂದ್ರ ನವ ಮಂಗಳೂರಿನಲ್ಲಿದೆ. ಹಗಲೂ ರಾತ್ರಿ ಕಿವಿ ತೆರೆದು ಕೂತಿರುವ ಕೋಣೆ ಅದು. ಯಾವುದೋ ದೇಶದ ಹಡಗಿನ ಅಪಾಯದ ಕರೆ ಉಪಗ್ರಹದ ಮೂಲಕ ಬಂದರೂ, ಮಲ್ಪೆಯ ತಂಡೇಲರೊಬ್ಬರು (ಬೋಟು ನಡೆಸುವವರು) ರೇಡಿಯೊದ ವಿಎಚ್‌ಎಫ್ 16ನೇ ಚಾನೆಲ್ಲಿನಲ್ಲಿ ತುಳುವಿನಲ್ಲೋ ಕೊಂಕಣಿಯಲ್ಲೋ ಕೂಗಿದರೂ ಅಲ್ಲಿ ಕೇಳಿಸಬೇಕು. ಗಾಳಿ ಯಾವ ಕಡೆಗಿದೆ, ನೀರಿನ ಸೆಳೆತ ಎಷ್ಟು, ಕರೆ ಬಂದ ಹೊತ್ತಿನಿಂದ ಈಗಿನ ತನಕ ದೋಣಿ ಎಲ್ಲಿಗೆ ತೇಲಿರಬಹುದು ಎಂದು ಲೆಕ್ಕ ಹಾಕಿ, ಹುಡುಕಬೇಕಾದ ಚೌಕವನ್ನು ನಕ್ಷೆಯಲ್ಲಿ ಎಳೆಯುತ್ತಾರೆ. ಹತ್ತಿರದಲ್ಲಿ ಯಾವ ವ್ಯಾಪಾರಿ ಹಡಗಿದೆ ಎಂದು ನೋಡಿ ಅದಕ್ಕೂ ಹೇಳುತ್ತಾರೆ. ಗಸ್ತಿನ ಹಡಗು ಹೊರಡುವ ಮೊದಲೇ ಅರ್ಧ ರಕ್ಷಣೆ ಈ ಕೋಣೆಯಲ್ಲಿ ಆಗಿರುತ್ತದೆ. ಒಂದು ಚೌಕ ತಪ್ಪಿದರೆ ಎಷ್ಟು ದೊಡ್ಡ ಹಡಗಿದ್ದರೂ ಉಪಯೋಗವಿಲ್ಲ.

1986–2006: ಎಣ್ಣೆ

1986ರಲ್ಲಿ ಕಡಲಿಗೆ ಚೆಲ್ಲುವ ಎಣ್ಣೆಯನ್ನು ಎದುರಿಸುವ ಹೊಣೆಯೂ ಕೋಸ್ಟ್ ಗಾರ್ಡಿನ ಹೆಗಲೇರಿತು. 1993ರಲ್ಲಿ ಅದಕ್ಕೊಂದು ರಾಷ್ಟ್ರೀಯ ಯೋಜನೆ ಸಿದ್ಧವಾಯಿತು. ಅದೇ ಹೊತ್ತಿಗೆ ಮಂಗಳೂರಿನಲ್ಲಿ ಎಂಆರ್‌ಪಿಎಲ್ ಸಂಸ್ಕರಣಾಗಾರ ಏಳುತ್ತಿತ್ತು. 1996ರಲ್ಲಿ ಅದು ಕೆಲಸ ಆರಂಭಿಸಿತು. ಕಚ್ಚಾ ಎಣ್ಣೆಯ ಹಡಗುಗಳು ಪಣಂಬೂರಿಗೆ ನಿತ್ಯದ ಅತಿಥಿಗಳಾದವು. ಮುಂದೆ ಮಂಗಳೂರು ಮತ್ತು ಪಾದೂರಿನ ನೆಲದಡಿಯ ಬಂಡೆಗುಹೆಗಳಲ್ಲಿ ದೇಶದ ಆಪತ್ಕಾಲದ ಎಣ್ಣೆ ದಾಸ್ತಾನೂ ಬಂತು. ಮಂಗಳೂರಿನದು 15 ಲಕ್ಷ ಟನ್, ಪಾದೂರಿನದು 25 ಲಕ್ಷ ಟನ್ ಸಾಮರ್ಥ್ಯದ್ದು. ಇಷ್ಟು ಎಣ್ಣೆ ಓಡಾಡುವ ನೀರಿನಲ್ಲೇ ನಮ್ಮ ಬಂಗುಡೆ, ಬೂತಾಯಿ ಮೊಟ್ಟೆಯಿಡುತ್ತವೆ.

ಪರೀಕ್ಷೆ ಬಂದದ್ದು ಕಾರವಾರದಲ್ಲಿ. 2006ರ ಮೇ 30ರಂದು, ಮುಂಗಾರಿನ ಮೊದಲ ಹೊಡೆತದಲ್ಲಿ, ‘ಓಷನ್ ಸೆರಾಯಾ’ ಎಂಬ ಪನಾಮಾ ಧ್ವಜದ ಹಡಗು ದೇವಗಡ ದ್ವೀಪದ ಬಂಡೆಗೆ ಬಡಿದು ಸಿಕ್ಕಿಕೊಂಡಿತು. ಅದರ ಹೊಟ್ಟೆಯ ಇಂಧನ ಸೋರಿ ಅಲೆಗಳ ಜತೆ ಗೋವಾದ ದಡದವರೆಗೂ ಹೋಯಿತು. ಎಣ್ಣೆ ತಡೆಯುವ ತೇಲುಬೇಲಿಯನ್ನು ಶಾಂತ ನೀರಿನಲ್ಲಿ ಹಾಸಬಹುದು, ಜೂನ್ ತಿಂಗಳ ಅರಬ್ಬಿ ಸಮುದ್ರದಲ್ಲಿ ಅದು ನಿಲ್ಲುವುದಿಲ್ಲ. ವಿಮಾನದಿಂದ ಎಣ್ಣೆ ಚದುರಿಸುವ ದ್ರವ ಸಿಂಪಡಿಸಬೇಕೆಂದರೆ ಮೋಡ ಕೆಳಗಿಳಿದಿರುತ್ತದೆ. ಪುಸ್ತಕದಲ್ಲಿದ್ದ ವಿಧಾನಗಳು ನಮ್ಮ ಮಳೆಗಾಲಕ್ಕೆ ಒಗ್ಗುವುದಿಲ್ಲ ಎಂಬುದನ್ನು ಕಾರವಾರ ತೋರಿಸಿತು. ದಡಕ್ಕೆ ಬಂದ ಜಿಗುಟನ್ನು ಬಳಿದು ತೆಗೆಯುವ ಕೆಲಸ ಕೊನೆಗೆ ಮನುಷ್ಯರ ಕೈಗಳ ಪಾಲಿಗೇ ಬಂತು.

2008ರ ನಂತರ: ದಕ್ಕೆಗೆ ಇಳಿದ ಕೋಸ್ಟ್ ಗಾರ್ಡ್

2008ರ ನವೆಂಬರ್ 26ರ ರಾತ್ರಿ ಮುಂಬೈಗೆ ನುಗ್ಗಿದವರು ಬಂದದ್ದು ಕಡಲ ಮೂಲಕ, ಪೋರಬಂದರಿನ ‘ಕುಬೇರ್’ ಎಂಬ ಮೀನುಗಾರಿಕೆ ಬೋಟನ್ನು ಅಪಹರಿಸಿ. ಅಲ್ಲಿಗೆ ಎಲ್ಲ ಲೆಕ್ಕಗಳೂ ಬದಲಾದವು. 2009ರಲ್ಲಿ ಕರಾವಳಿ ಭದ್ರತೆಯಲ್ಲಿ ಕೇಂದ್ರ ಮತ್ತು ರಾಜ್ಯ ಸಂಸ್ಥೆಗಳ ನಡುವಿನ ಸಮನ್ವಯದ ಹೊಣೆ ಕೋಸ್ಟ್ ಗಾರ್ಡಿಗೆ ಬಂತು. ರಾಜ್ಯದ ಕರಾವಳಿ ಕಾವಲು ಪೊಲೀಸರು ಮಲ್ಪೆಯನ್ನು ಕೇಂದ್ರ ಮಾಡಿಕೊಂಡು ಮಂಗಳೂರು, ಹೆಜಮಾಡಿ, ಮಲ್ಪೆ, ಗಂಗೊಳ್ಳಿ, ಭಟ್ಕಳ, ಹೊನ್ನಾವರ, ಕುಮಟಾ, ಬೇಲೇಕೇರಿ, ಕಾರವಾರ ಎಂಬ ಒಂಬತ್ತು ಠಾಣೆಗಳನ್ನು ಕಟ್ಟಿಕೊಂಡರು. ದಡದ ಹತ್ತಿರದ ನೀರು ಅವರದು, ಅದರಾಚೆಯದು ಕೋಸ್ಟ್ ಗಾರ್ಡಿನದು. ಕಾರವಾರದಲ್ಲಿ 2005ರಿಂದ ನೌಕಾಪಡೆಯ ಐಎನ್‌ಎಸ್ ಕದಂಬ ನೆಲೆಯೂ ಇತ್ತು. ಈ ಮೂವರೂ ಸೇರಿ ‘ಸಾಗರ ಕವಚ’ ಎಂಬ ಅಣಕು ಕಾರ್ಯಾಚರಣೆಗಳನ್ನು ನಡೆಸತೊಡಗಿದರು.

ಕರಾವಳಿಯಲ್ಲಿ ಒಂಟಿ ದೋಣಿಯನ್ನು ಗುರುತಿಸುವುದು ರಾಡಾರಿಗೂ ಸುಲಭವಲ್ಲ. ಸಾವಿರಾರು ಬೋಟುಗಳ ನಡುವೆ ಅನ್ಯ ಬೋಟು ಯಾವುದು ಎಂದು ಒಂದೇ ನೋಟಕ್ಕೆ ಹೇಳಬಲ್ಲವರು ಮೀನುಗಾರರೇ. ಹಾಗಾಗಿ ಮೀನುಗಾರರಿಗೆ ಬಯೋಮೆಟ್ರಿಕ್ ಗುರುತಿನ ಚೀಟಿ ಬಂತು, ಬೋಟುಗಳ ನೋಂದಣಿ ಬಿಗಿಯಾಯಿತು, ಸಮುದ್ರದ ನಡುವೆ ಬೋಟು ನಿಲ್ಲಿಸಿ ತಪಾಸಣೆ ಮಾಡುವುದು ಶುರುವಾಯಿತು. ಮೊದಮೊದಲು ಇದು ದಕ್ಕೆಯವರಿಗೆ ಸರಿಬರಲಿಲ್ಲ. ತಲೆತಲಾಂತರದಿಂದ ನಮ್ಮದಾದ ಕಡಲಿನಲ್ಲಿ ನಮ್ಮನ್ನೇ ಗುರುತು ಕೇಳುತ್ತಾರಲ್ಲ ಎಂಬ ಬೇಸರ ಇತ್ತು. ಬಲೆ ಬಿಟ್ಟ ಹೊತ್ತಿನಲ್ಲಿ ತಪಾಸಣೆಗೆ ನಿಲ್ಲಿಸಿದರೆ ಒಂದು ದಿನದ ಡೀಸೆಲ್ ವ್ಯರ್ಥ. ಹಿಂದಿ, ಇಂಗ್ಲಿಷಿನಲ್ಲಿ ಬರುವ ಆದೇಶ ತುಳು ಮಾತಾಡುವ ತಂಡೇಲರಿಗೆ ಬೈಗುಳದಂತೆ ಕೇಳಿದ್ದೂ ಉಂಟು. ಇದನ್ನು ತಿಳಿಗೊಳಿಸಿದ್ದು ಸಭೆಗಳು. ಕೋಸ್ಟ್ ಗಾರ್ಡಿನವರು ಸಮವಸ್ತ್ರದಲ್ಲೇ ದಕ್ಕೆಗೆ ಬಂದು, ಮೀನಿನ ಬುಟ್ಟಿಗಳ ನಡುವೆ ಕುರ್ಚಿ ಹಾಕಿಸಿಕೊಂಡು, ಲೈಫ್ ಜಾಕೆಟ್ ಹಾಕುವುದು ಹೇಗೆ, ಇಸ್ರೋ ರೂಪಿಸಿದ ಡಿಎಟಿ ಎಂಬ ಅಪಾಯಸೂಚಕವನ್ನು ಒತ್ತುವುದು ಯಾವಾಗ, 1554ಕ್ಕೆ ಕರೆ ಮಾಡಿ ಏನು ಹೇಳಬೇಕು ಎಂದು ವಿವರಿಸಿದರು. ಈ ಕಚೇರಿ ಕಟ್ಟಿದ ಕಟ್ಟಡಗಳಲ್ಲಿ ನನ್ನ ಮಟ್ಟಿಗೆ ಅತ್ಯಂತ ಬೆಲೆಬಾಳುವುದು ದಕ್ಕೆಯ ಈ ವಿಶ್ವಾಸವೇ. ಅದಕ್ಕೆ ಶಂಕುಸ್ಥಾಪನೆಯ ಕಲ್ಲಿಲ್ಲ.

2009–2022: ಮುಂಗಾರಿನ ಹಡಗುಗಳು

ಕರ್ನಾಟಕದ ಕರಾವಳಿಯ ಮಟ್ಟಿಗೆ ಕೋಸ್ಟ್ ಗಾರ್ಡಿನ ನಿಜವಾದ ಎದುರಾಳಿ ಮುಂಗಾರು. 2009ರ ಜುಲೈ 18ರಂದು ನವ ಮಂಗಳೂರಿನಿಂದ ಕಬ್ಬಿಣದ ಅದಿರು ತುಂಬಿಕೊಂಡು ಚೀನಾಕ್ಕೆ ಹೊರಟಿದ್ದ ‘ಏಷಿಯನ್ ಫಾರೆಸ್ಟ್’ ಬಂದರಿನ ಸಮೀಪದಲ್ಲೇ ಮುಳುಗಿತು. ಚೀನಾದ 18 ನಾವಿಕರನ್ನೂ ಕೋಸ್ಟ್ ಗಾರ್ಡ್ ಉಳಿಸಿತು. ಹಡಗಿಗೆ ತೂತು ಬಿದ್ದಿರಲಿಲ್ಲ, ಮುಳುಗಿಸಿದ್ದು ಸರಕೇ. ಮಳೆಯಲ್ಲಿ ನೆಂದ ಅದಿರಿನ ಪುಡಿಯನ್ನು ಹಡಗಿಗೆ ತುಂಬಿದರೆ, ಕಡಲಿನ ಕುಲುಕಾಟಕ್ಕೆ ಅದರೊಳಗಿನ ನೀರು ಮೇಲೆ ಬಂದು ರಾಶಿ ಕೆಸರಾಗುತ್ತದೆ. ಕೆಸರು ಒಂದು ಕಡೆಗೆ ಹರಿಯುತ್ತದೆ, ಹಡಗು ಅದೇ ಕಡೆಗೆ ವಾಲುತ್ತದೆ, ಮತ್ತೆ ನೆಟ್ಟಗಾಗುವುದಿಲ್ಲ. ಅದೇ ವರ್ಷ ಪಾರಾದೀಪದಲ್ಲಿ ‘ಬ್ಲ್ಯಾಕ್ ರೋಸ್’ ಕೂಡ ಅದಿರು ಹೊತ್ತು ಮುಳುಗಿತು. ಮಳೆಗಾಲದಲ್ಲಿ ಅದಿರಿನ ತೇವಾಂಶ ಅಳೆಯದೆ ತುಂಬಬಾರದೆಂಬ ಎಚ್ಚರಿಕೆ ಬಿಗಿಯಾದದ್ದು ಈ ಎರಡರ ನಂತರ.

2021ರ ಮೇ ತಿಂಗಳ ತೌಕ್ತೆ ಚಂಡಮಾರುತದ ದಿನಗಳನ್ನು ಪಡುಬಿದ್ರಿ, ಕಾಪು, ಮೂಲ್ಕಿಯ ಜನ ಮರೆಯಲಾರರು. ಎಂಆರ್‌ಪಿಎಲ್‌ನ ತೇಲುವ ಎಣ್ಣೆ ಜೆಟ್ಟಿಯ ಕೆಲಸದಲ್ಲಿದ್ದ ಟಗ್ಗುಗಳು, ಅಂದರೆ ಹಡಗು ಎಳೆಯುವ ಬೋಟುಗಳು, ಲಂಗರು ಕಿತ್ತುಕೊಂಡು ಗಾಳಿಯ ವಶವಾದವು. ಒಂದು ಟಗ್ಗು ಮಗುಚಿ ಅದರಲ್ಲಿದ್ದ ಕೆಲವರು ಜೀವ ಕಳೆದುಕೊಂಡರು. ‘ಕೋರಮಂಡಲ್ ಸಪೋರ್ಟರ್ 9’ ಎಂಬ ಇನ್ನೊಂದು ಟಗ್ಗು ಮೂಲ್ಕಿಯಾಚೆಯ ಬಂಡೆಗಳ ನಡುವೆ ಸಿಕ್ಕಿಕೊಂಡಿತು, ಒಂಬತ್ತು ಮಂದಿ ಅದರ ಮೇಲೆ. ದೊಡ್ಡ ಹಡಗು ಹತ್ತಿರ ಹೋದರೆ ಅದೂ ಬಂಡೆಗೆ ಬಡಿಯಬೇಕು. ಮೇ 17ರಂದು ಗಾಳಿ ಕೊಂಚ ತಗ್ಗಿದಾಗ ನೌಕಾಪಡೆಯ ಹೆಲಿಕಾಪ್ಟರು ನಾಲ್ವರನ್ನು ಮೇಲೆತ್ತಿತು. ಉಳಿದ ಐವರನ್ನು ಕೋಸ್ಟ್ ಗಾರ್ಡಿನವರು ಗಾಳಿ ತುಂಬಿದ ಸಣ್ಣ ರಬ್ಬರ್ ದೋಣಿಯಲ್ಲಿ ಹೋಗಿ ಕರೆತಂದರು.

ಮರುವರ್ಷ ಜೂನ್ 21ರಂದು ಚೀನಾದಿಂದ ಲೆಬನಾನಿಗೆ 8,000 ಟನ್ ಉಕ್ಕಿನ ಸುರುಳಿ ಒಯ್ಯುತ್ತಿದ್ದ ‘ಪ್ರಿನ್ಸೆಸ್ ಮಿರಾಲ್’ಗೆ ಉಳ್ಳಾಲದ ಆಚೆ ನೀರು ನುಗ್ಗಿತು. ಹದಿನೈದು ಜನ ಸಿರಿಯಾದ ನಾವಿಕರು. ಪಣಂಬೂರಿನ ‘ವಿಕ್ರಮ್’ ಮತ್ತು ‘ಅಮರ್ತ್ಯ’ ಹಡಗುಗಳು ಅಷ್ಟೂ ಮಂದಿಯನ್ನು ಜೀವಸಹಿತ ತಂದವು. 1983ರ ‘ವಿಕ್ರಮ್’ ನಿವೃತ್ತವಾದ ಮೇಲೆ ಅದೇ ಹೆಸರಿನ ಹೊಸ ಹಡಗು 2018ರಲ್ಲಿ ಸೇವೆಗೆ ಸೇರಿ ನವ ಮಂಗಳೂರನ್ನು ನೆಲೆ ಮಾಡಿಕೊಂಡಿತ್ತು. 2019ರ ಸೆಪ್ಟೆಂಬರಿನಲ್ಲಿ ಸೇರ್ಪಡೆಯಾದ 98 ಮೀಟರು ಉದ್ದದ ‘ವರಾಹ’ದ ನೆಲೆಯೂ ಇಲ್ಲೇ. ‘ಪ್ರಿನ್ಸೆಸ್ ಮಿರಾಲ್’ನ ಜನ ಉಳಿದರು, ಹಡಗು ಮಾತ್ರ ಉಚ್ಚಿಲದ ಬಟ್ಟಪ್ಪಾಡಿ ಬಳಿ ಕುಳಿತುಬಿಟ್ಟಿತು. ಅದರೊಳಗೆ ಸುಮಾರು 220 ಟನ್ ಇಂಧನ. ಕಾರವಾರದ ನೆನಪಿದ್ದ ಕಾರಣ ಈ ಸಲ ಮೊದಲ ದಿನದಿಂದಲೇ ಎಣ್ಣೆಯ ಮೇಲೆ ಕಣ್ಣಿಟ್ಟಿದ್ದರು.

2018–2021: ಸುವರ್ಣ ತ್ರಿಭುಜ ಮತ್ತು ಅದರ ನಂತರ

ಉಳಿಸಿಕೊಂಡ ಜೀವಗಳ ಪಟ್ಟಿ ಮಾಡುವಾಗ ಉಳಿಸಲಾಗದವರನ್ನು ಬಿಟ್ಟರೆ ಈ ಚರಿತ್ರೆ ಪೂರ್ಣವಾಗದು. 2018ರ ಡಿಸೆಂಬರ್ ನಡುವಿನಲ್ಲಿ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಬೋಟು ಏಳು ಮೀನುಗಾರರ ಸಮೇತ ಕಣ್ಮರೆಯಾಯಿತು. ಇಬ್ಬರು ಮಲ್ಪೆಯ ಕಡೆಯವರು, ಐವರು ಉತ್ತರ ಕನ್ನಡದವರು. ಕೋಸ್ಟ್ ಗಾರ್ಡಿನ ಹಡಗು, ವಿಮಾನಗಳು ಮತ್ತು ನೌಕಾಪಡೆ ಹುಡುಕಿದವು. ದಿನ ಕಳೆದಂತೆ ಮನೆಯವರ ಸಂಕಟ ಊರಿನ ಸಂಕಟವಾಯಿತು. 2019ರ ಜನವರಿ 6ರಂದು ಸಾವಿರಾರು ಮೀನುಗಾರರು ಉಡುಪಿಯಲ್ಲಿ ಹೆದ್ದಾರಿಗೆ ಇಳಿದು ಹುಡುಕಾಟ ಸಾಲದು ಎಂದು ಪ್ರತಿಭಟಿಸಿದರು. ಆ ದಿನಗಳಲ್ಲಿ ಹಲವು ಊಹೆ, ಆರೋಪಗಳು ಹರಡಿದ್ದವು. ಅವನ್ನು ಇಲ್ಲಿ ಮತ್ತೆ ಎತ್ತುವ ಅಗತ್ಯವಿಲ್ಲ. ಮೇ ತಿಂಗಳ ಆರಂಭದಲ್ಲಿ ನೌಕಾಪಡೆಯ ‘ನಿರೀಕ್ಷಕ್’ ಹಡಗು ಮಹಾರಾಷ್ಟ್ರದ ಮಾಲ್ವಣದಾಚೆ ಸಮುದ್ರದ ತಳದಲ್ಲಿ ಬೋಟಿನ ಅವಶೇಷ ಪತ್ತೆಮಾಡಿತು. ಬೋಟಿನಲ್ಲಿದ್ದವರು ಮನೆಗೆ ಮರಳಲಿಲ್ಲ.

2021ರ ಏಪ್ರಿಲ್ 12ರ ನಡುರಾತ್ರಿ ದಾಟಿದ ಹೊತ್ತಿನಲ್ಲಿ ಕೇರಳದ ಬೇಪೂರಿನ ‘ರಬಾಹ್’ ಬೋಟಿಗೆ ಮಂಗಳೂರಿನಿಂದ ಸುಮಾರು 43 ನಾಟಿಕಲ್ ಮೈಲಿ ದೂರದಲ್ಲಿ ಸಿಂಗಪುರದ ಧ್ವಜದ ಕಂಟೇನರ್ ಹಡಗು ಡಿಕ್ಕಿಯಾಯಿತು. ಹದಿನಾಲ್ಕು ಮಂದಿಯಲ್ಲಿ ಜೀವಸಹಿತ ಸಿಕ್ಕಿದವರು ಇಬ್ಬರೇ. ಪಣಂಬೂರಿನಿಂದ ‘ರಾಜದೂತ್’, ‘ಅಮರ್ತ್ಯ’ ಹೊರಟವು, ನೌಕಾಪಡೆಯ ಮುಳುಗುಗಾರರೂ ಬಂದರು. ದೂರದ ನೀರಿನಲ್ಲಿ ಮೀನು ಹಿಡಿಯುವವರ ಹಾದಿಯೂ ಮುಂಬೈ–ಕೊಲಂಬೊ ನಡುವಿನ ದೊಡ್ಡ ಹಡಗುಗಳ ಹಾದಿಯೂ ಒಂದನ್ನೊಂದು ಕತ್ತರಿಸುತ್ತವೆ. ಬಲೆ ಬಿಟ್ಟು ದಣಿದವರು ಮಲಗಿರುವ ಮರದ ಬೋಟು ಬೃಹತ್ ಹಡಗಿನ ಚಾಲನಾ ಕೊಠಡಿಯಿಂದ ನೋಡುವವರಿಗೆ ಒಂದು ಚುಕ್ಕೆ. ಬೋಟುಗಳಿಗೆ ತಮ್ಮ ಇರವನ್ನು ತಾವೇ ಸಾರುವ ಉಪಕರಣ ಬೇಕೆಂದು ಕೋಸ್ಟ್ ಗಾರ್ಡಿನವರು ದಕ್ಕೆಯ ಸಭೆಗಳಲ್ಲಿ ಒತ್ತಿ ಹೇಳುವುದು ಇದಕ್ಕೇ. ಅದರ ಖರ್ಚನ್ನು ಸರ್ಕಾರ ಹೊತ್ತರೆ ಮಾತ್ರ ಎಲ್ಲ ಬೋಟಿಗೂ ಅದು ತಲಪುತ್ತದೆ ಎಂಬುದು ಮೀನುಗಾರರ ಮಾತು. ಆ ಮಾತಿನಲ್ಲಿ ನ್ಯಾಯವಿದೆ.

2024–2025: ಕಂಟೇನರಿನ ಬೆಂಕಿ

2024ರ ಜುಲೈ 19ರಂದು ಮುಂದ್ರಾದಿಂದ ಕೊಲಂಬೊಗೆ ಹೊರಟಿದ್ದ ‘ಮಾರ್ಸ್ಕ್ ಫ್ರಾಂಕ್‌ಫರ್ಟ್’ ಕಾರವಾರದಿಂದ ಸುಮಾರು 50 ನಾಟಿಕಲ್ ಮೈಲಿ ಆಚೆ ಹೊತ್ತಿಕೊಂಡಿತು. ಅಪಾಯಕಾರಿ ರಾಸಾಯನಿಕಗಳೂ ಇದ್ದ ಸರಕು. ‘ಸಚೇತ್’, ‘ಸುಜೀತ್’, ‘ಸಮ್ರಾಟ್’ ಹಡಗುಗಳು ದಿನಗಟ್ಟಲೆ ನೀರೆರಚುತ್ತ ಸುತ್ತುವರಿದು ನಿಂತವು. ಮುಂದಿನ ವರ್ಷ ಜೂನ್ 9ರಂದು ಕೇರಳದ ಉತ್ತರ ತೀರದಾಚೆ ‘ವಾನ್ ಹೈ 503’ರಲ್ಲಿ ಸ್ಫೋಟವಾಯಿತು. ಇಪ್ಪತ್ತೆರಡು ಮಂದಿಯಲ್ಲಿ ಹಡಗು ಬಿಟ್ಟಿಳಿದ 18 ಮಂದಿಯನ್ನು ನೌಕಾಪಡೆಯ ‘ಸೂರತ್’ ಕರೆತಂದದ್ದು ನವ ಮಂಗಳೂರಿಗೇ. ಗಾಯಾಳುಗಳಿಗೆ ನಗರದ ಆಸ್ಪತ್ರೆಯಲ್ಲಿ ಚಿಕಿತ್ಸೆಯಾಯಿತು. ನಾಲ್ವರು ಸಿಗಲಿಲ್ಲ. ಕಂಟೇನರಿನ ಬೆಂಕಿ ಹೊರಗೆ ಆರಿದಂತೆ ಕಂಡು ಒಳಗೆ ಕುದಿಯುತ್ತಿರುತ್ತದೆ, ಮುಚ್ಚಿದ ಪೆಟ್ಟಿಗೆಯೊಳಗೆ ನೀರು ಹೋಗುವುದಿಲ್ಲ. ಹೆಚ್ಚು ನೀರು ಹಾಕಿದರೆ ಹಡಗೇ ವಾಲುತ್ತದೆ. ಐವತ್ತು ವರ್ಷದ ಹಿಂದೆ ಚಿನ್ನದ ಬಿಸ್ಕತ್ತು ಹಿಡಿಯಲು ಹುಟ್ಟಿದ ಪಡೆ ಈಗ ರಸಾಯನಶಾಸ್ತ್ರ ಓದಬೇಕಾಗಿದೆ.

ಇವುಗಳ ನಡುವೆ ಸುದ್ದಿಯ ಮೂಲೆಯಲ್ಲಿ ಬಂದು ಹೋದ ಒಂದು ರಕ್ಷಣೆ ನನಗೆ ಹೆಚ್ಚು ಮುಖ್ಯವೆನಿಸುತ್ತದೆ. 2025ರ ಮೇ 12ರಂದು ಹಳೆಯ ಮಂಗಳೂರು ಬಂದರಿನಿಂದ ‘ಸಲಾಮತ್’ ಎಂಬ ಮಂಜಿ ಸಿಮೆಂಟು, ಕಟ್ಟಡ ಸಾಮಾನು ಹೇರಿಕೊಂಡು ಲಕ್ಷದ್ವೀಪದ ಕಡಮತ್ ದ್ವೀಪಕ್ಕೆ ಹೊರಟಿತು. 14ರಂದು ಅದು ಮುಳುಗಿತು. ಆರು ಮಂದಿ ಪುಟ್ಟ ದೋಣಿಯೊಂದರಲ್ಲಿ ತೇಲುತ್ತಿದ್ದುದನ್ನು ಹಾದು ಹೋಗುತ್ತಿದ್ದ ಟ್ಯಾಂಕರೊಂದು ಕಂಡು ಕೋಸ್ಟ್ ಗಾರ್ಡಿಗೆ ತಿಳಿಸಿತು. ಗಸ್ತಿನಲ್ಲಿದ್ದ ‘ವಿಕ್ರಮ್’ ಆರೂ ಜನರನ್ನು ಎತ್ತಿಕೊಂಡು ಪಣಂಬೂರಿಗೆ ತಂದಿತು. ಮಂಜಿಯವರನ್ನು ಮಂಜಿಯವರೇ ಹುಡುಕಬೇಕಿದ್ದ ಕಾಲದಿಂದ ನಾವು ಎಷ್ಟು ದೂರ ಬಂದಿದ್ದೇವೆ ಎಂಬುದಕ್ಕೆ ಇಷ್ಟು ಸಾಕು.

ಕಡಲು ಕಾಣದ ಜಿಲ್ಲೆಗಳಿಗೆ

ಇದನ್ನು ಬರೆಯುತ್ತಿರುವುದು ಕಲಬುರಗಿ ಮಗ್ಗುಲಿನ ಕುಸನೂರಿನಲ್ಲಿ ಕೂತು. ಇಲ್ಲಿನವರಿಗೆ ಕಡಲೆಂದರೆ ಶಾಲೆಯ ಪ್ರವಾಸದ ನೆನಪು. ಆದರೆ ರಾಜ್ಯದ ಹೊಲಗಳಿಗೆ ಬರುವ ‘ಮಂಗಳಾ’ ಗೊಬ್ಬರದ ಚೀಲ ಹುಟ್ಟುವುದು ಪಣಂಬೂರಿನಲ್ಲಿ, ಅದರ ಕಚ್ಚಾ ಸಾಮಗ್ರಿಯ ಒಂದು ಪಾಲು ಬರುವುದು ಆ ಬಂದರಿಗೆ. ರಾಜ್ಯದ ಅಡುಗೆ ಅನಿಲ, ಡೀಸೆಲ್ಲಿನ ದೊಡ್ಡ ಪಾಲೂ ಅದೇ ಹಾದಿಯದು. ಮಲ್ಪೆ, ಮಂಗಳೂರಿನ ದಕ್ಕೆಗಳಲ್ಲಿ ಮಂಜುಗಡ್ಡೆ ಹೊರುವ, ಬೋಟು ಹತ್ತುವ ಕೂಲಿಕಾರರಲ್ಲಿ ಉತ್ತರ ಕರ್ನಾಟಕದವರೂ ಇದ್ದಾರೆ. ಹೊಲದಲ್ಲಿ ಬೆಳೆದವರಿಗೆ ಈಜು ಬರುವುದು ಕಡಿಮೆ. ಲೈಫ್ ಜಾಕೆಟ್ಟಿನ ಪಾಠ ಮೊದಲು ಮುಟ್ಟಬೇಕಾದದ್ದು ಅವರಿಗೆ, ಅದೂ ಅವರ ಕನ್ನಡದಲ್ಲಿ.

ನಮ್ಮ ಕಡೆಯ ಹುಡುಗರಿಗೆ ಇನ್ನೊಂದು ಬಾಗಿಲೂ ಇದೆ. ಗಣಿತ, ಭೌತವಿಜ್ಞಾನ ಓದಿ ಪಿಯುಸಿ ಮುಗಿಸಿದವರು ಕೋಸ್ಟ್ ಗಾರ್ಡಿನ ನಾವಿಕ ಹುದ್ದೆಯ ಪರೀಕ್ಷೆ ಬರೆಯಬಹುದು. ಹತ್ತನೆಯ ತರಗತಿಯವರಿಗೂ ಒಂದು ಶಾಖೆಯಿದೆ. ನಾವಿಕರ ತರಬೇತಿ ಒಡಿಶಾದ ಚಿಲ್ಕಾದಲ್ಲಿ, ಅಧಿಕಾರಿಗಳದು ಕೇರಳದ ಏಳಿಮಲೆಯ ನೌಕಾ ಅಕಾಡೆಮಿಯಲ್ಲಿ. ಕೋಸ್ಟ್ ಗಾರ್ಡಿನದೇ ಆದ ಅಕಾಡೆಮಿಯನ್ನು ಮೊದಲು ಕಣ್ಣೂರಿನ ಅಳಿಕ್ಕಲ್‌ನಲ್ಲಿ ಕಟ್ಟುವ ಆಲೋಚನೆಯಿತ್ತು. ಪರಿಸರ ನಿಯಮಗಳ ತೊಡಕು ಎದುರಾದ ಮೇಲೆ ಯೋಜನೆ ಮಂಗಳೂರಿನ ಬೈಕಂಪಾಡಿಯತ್ತ ತಿರುಗಿತು. ಅದು ಎದ್ದು ನಿಂತರೆ ಪಣಂಬೂರಿನ ಕಚೇರಿಗೆ ನೆರೆಯಲ್ಲೇ ಒಂದು ವಿದ್ಯಾಲಯ ಸಿಗುತ್ತದೆ, ಬೀದರ, ಯಾದಗಿರಿ, ರಾಯಚೂರಿನ ಮಕ್ಕಳಿಗೆ ತಮ್ಮದೇ ರಾಜ್ಯದಲ್ಲಿ ಕಡಲ ಪಾಠ ಸಿಗುತ್ತದೆ. ಸುವರ್ಣ ವರ್ಷ ಮುಗಿಯುವುದರೊಳಗೆ ಆ ಕಟ್ಟಡದ ಕೆಲಸ ಆರಂಭವಾಗಬೇಕು, ಮತ್ತು ಅದರ ಮೊದಲ ತಂಡಗಳಲ್ಲಿ ಕಲಬುರಗಿ ವಿಭಾಗದ ಹೆಸರುಗಳಿರಬೇಕು. ಅದಕ್ಕೆ ಬೇಕಾದ ಪರೀಕ್ಷೆಯ ತಯಾರಿಯನ್ನು ಇಲ್ಲಿನ ಪಿಯು ಕಾಲೇಜುಗಳು ಈ ವರ್ಷದಿಂದಲೇ ಶುರುಮಾಡಬಹುದು.